ಇಲ್ಲದ ಬಾಯ್ಲರಿಗೆ ಹಸಿರು ಟಿಕ್ಕು

ಅವರ ಎದುರು ನೆಗಡಿಯಾಗಿದೆ ಎಂದು ಹೇಳುವವರು ಮೊದಲು ಒಂದು ಸಲವಾದರೂ ಸೀನಿ ತೋರಿಸಬೇಕಾಗಿತ್ತು. ಬಾಯಿಮಾತನ್ನು ಅವರು ತಳ್ಳಿಹಾಕುತ್ತಿರಲಿಲ್ಲ. ಪೂರ್ತಿ ಕೇಳಿಸಿಕೊಳ್ಳುತ್ತಿದ್ದರು, ತಲೆದೂಗುತ್ತಿದ್ದರು, ಕೊನೆಗೆ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಬಲಗೈಯನ್ನು ಮುಂದೆ ಚಾಚಿ, "ತೋರಿಸಿ" ಎನ್ನುತ್ತಿದ್ದರು. ಪಕ್ಕದ ಮನೆಯಾಕೆ ಮಗ ಪಾಸಾದನೆಂದು ಸಂಭ್ರಮದಿಂದ ಓಡಿಬಂದರೆ ಅಂಕಪಟ್ಟಿ ತೋರಿಸಿ. ಹಣ್ಣಿನವನು ಸಿಹಿ ಎಂದು ಆಣೆ ಇಟ್ಟರೆ ಒಂದು ಹೋಳು ಕೊಯ್ದು ತೋರಿಸಿ. ಒಡಹುಟ್ಟಿದ ತಂಗಿ ಫೋನಿನಲ್ಲಿ ತೂಕ ಇಳಿದಿದೆ ಎಂದು ಹಿಗ್ಗಿದರೆ ಬಂದು ತೋರಿಸು. ಮೂವತ್ತೊಂದು ವರ್ಷ ಲೆಕ್ಕಪರಿಶೋಧಕಿಯಾಗಿ ಊರಿನ ಅರ್ಧಕ್ಕರ್ಧ ಕಾರ್ಖಾನೆ, ಗೋದಾಮು, ಸಹಕಾರ ಸಂಘಗಳ ಪುಸ್ತಕಗಳನ್ನು ಜಾಲಾಡಿದ ಈ ಹೆಂಗಸಿಗೆ ವೃತ್ತಿಬಾಂಧವರು ಇಟ್ಟಿದ್ದ ಹೆಸರು 'ತೋರ್ಸಿ ಮೇಡಂ'. ಆ ಹೆಸರು ಅವರ ಕಿವಿಗೂ ಬಿದ್ದಿತ್ತು, ಅವರು ನಕ್ಕು ಸುಮ್ಮನಾಗಿದ್ದರು.

ನಾನು ಅವರನ್ನು ಮೊದಲು ಕಂಡಾಗ ಅವರಿಗೆ ಐವತ್ತೇಳು. ದೇಶದ ಲೆಕ್ಕಪತ್ರ ಮತ್ತು ಲೆಕ್ಕಪರಿಶೋಧನೆಯ ಮಾನದಂಡಗಳನ್ನು ಹೊಸದಾಗಿ ಬರೆಯಲು ಸರ್ಕಾರ ಒಂದು ಸಮಿತಿಯನ್ನು ನೇಮಿಸಿತ್ತು. ಹಳೆಯವು ಹೊರದೇಶದ ದಪ್ಪ ಪುಸ್ತಕವೊಂದರಿಂದ ಸಾರಾಸಗಟಾಗಿ ಎತ್ತಿಕೊಂಡವು. ಪರಿಶೋಧಕರ ಸಂಘದ ಗ್ರಂಥಾಲಯದಲ್ಲಿದ್ದ ಅದರ ಪ್ರತಿಯಲ್ಲಿ ನಲವತ್ತನೆಯ ಪುಟದಿಂದಾಚೆಗೆ ಹಾಳೆಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಹೊಸದಾದರೂ ಓದಿದರೆ ತಿಳಿಯುವಂತಿರಲಿ ಎಂದು ಯಾರಿಗೋ ಸದ್ಬುದ್ಧಿ ಹುಟ್ಟಿ, ಪತ್ರಿಕೆಗಳಲ್ಲಿ ಆಗೀಗ ಪ್ರಬಂಧ ಬರೆದುಕೊಂಡಿದ್ದ ನನ್ನನ್ನು ಭಾಷೆ ತಿದ್ದಲು ಕರೆಸಿದರು. ಲೆಕ್ಕಕ್ಕೂ ನನಗೂ ಎಣ್ಣೆ ಸೀಗೆಕಾಯಿಯ ನಂಟು. ಆದರೂ ಮೊದಲ ದಿನ ನಾನು ಬಹಳ ಹುರುಪಿನಿಂದ, 'ಸಮುಚಿತ', 'ಯಥೋಚಿತ', 'ತತ್ಸಂಬಂಧಿತ' ಎಂಬ ಮಣಿಗಳನ್ನೆಲ್ಲ ಪೋಣಿಸಿದ ಒಂದು ಭವ್ಯ ವಾಕ್ಯವನ್ನು ಸಮಿತಿಯ ಮುಂದೆ ಓದಿದೆ. ಸಮಿತಿಯ ಸದಸ್ಯರಲ್ಲೊಬ್ಬರಾದ ತೋರ್ಸಿ ಮೇಡಂ ಕಣ್ಣುಮುಚ್ಚಿ ಕೇಳಿ, "ಚೆನ್ನಾಗಿದೆ. ಇದನ್ನ ಗೋದಾಮಿನ ಬಾಗಿಲಲ್ಲಿ ನಿಂತು ಗುಮಾಸ್ತನಿಗೆ ಓದಿ ಹೇಳಿದ್ರೆ, ಅವನು ಬೀಗ ತೆಗೀತಾನಾ?" ಎಂದು ಕೇಳಿದರು. ಆ ವಾಕ್ಯ ಸಂಜೆಯೊಳಗೆ, 'ದಾಸ್ತಾನು ಇರುವ ಜಾಗಕ್ಕೆ ಹೋಗಿ, ಕಣ್ಣಾರೆ ನೋಡಿ, ಎಣಿಸಬೇಕು' ಎಂದಾಯಿತು.

ಅವರ ನಡಿಗೆಯಲ್ಲಿ ಒಂದು ವಿಲಕ್ಷಣ ಲಯವಿತ್ತು. ಎಡಗಾಲನ್ನು ಊರುವ ಮೊದಲು ಕ್ಷಣಕಾಲ ಗಾಳಿಯಲ್ಲೇ ತಡೆದು, ನೆಲ ನೆಚ್ಚಿಗೆ ತಕ್ಕದ್ದೋ ಅಲ್ಲವೋ ಎಂದು ವಿಚಾರಿಸುವವರಂತೆ ಮೆಲ್ಲನೆ ಇಳಿಸಿ, ಆಮೇಲೆ ಬಲಗಾಲನ್ನು ಧೈರ್ಯವಾಗಿ ಎತ್ತಿಹಾಕುತ್ತಿದ್ದರು. ಹದಿನಾಲ್ಕು ವರ್ಷಗಳ ಹಿಂದೆ ಧಾನ್ಯದ ಕಂಪನಿಯೊಂದರ ಗೋದಾಮಿಗೆ ಹೋಗಿದ್ದಾಗ ಬಂದ ಬಳುವಳಿ ಅದು. ಚಾವಣಿ ಮುಟ್ಟುವಂತೆ ಒಟ್ಟಿದ ಮೂಟೆಗಳ ರಾಶಿ. ಉದ್ದ, ಅಗಲ, ಎತ್ತರದ ಸಾಲುಗಳನ್ನು ಗುಣಿಸಿದರೆ ಪುಸ್ತಕದಲ್ಲಿದ್ದ ಸಂಖ್ಯೆಗೆ ಕರಾರುವಾಕ್ಕಾಗಿ ಹೊಂದುತ್ತಿತ್ತು. ಬೇರೆಯವರಾಗಿದ್ದರೆ ಅಲ್ಲಿಗೇ ಕೈ ಒರೆಸಿಕೊಂಡು ಹೊರಡುತ್ತಿದ್ದರು. ಇವರು ಏಣಿ ತರಿಸಿ ರಾಶಿಯ ಮೇಲೆ ಹತ್ತಿದರು. ನಾಲ್ಕು ಹೆಜ್ಜೆ ಇಟ್ಟರು, ಐದನೆಯ ಹೆಜ್ಜೆಗೆ ಮಾಯವಾದರು. ಮೂಟೆಗಳಿದ್ದದ್ದು ಹೊರಗಿನ ನಾಲ್ಕು ಗೋಡೆಗಳಂತೆ ಮಾತ್ರ. ಒಳಗೆಲ್ಲ ಟೊಳ್ಳು, ಮೇಲೆ ಬಿದಿರಿನ ತಟ್ಟಿ ಹಾಸಿ ಹೊಟ್ಟು ತುಂಬಿದ ಚೀಲಗಳನ್ನು ಹರಡಿದ್ದರು. ಮಂಡಿ ಮುರಿದುಕೊಂಡು ಬಿದ್ದಿದ್ದವರನ್ನು ಮೇಲೆತ್ತುತ್ತಾ ಮ್ಯಾನೇಜರು ಅಳುದನಿಯಲ್ಲಿ, "ಇಷ್ಟು ವರ್ಷದಲ್ಲಿ ಯಾರೂ ಮೇಲೆ ಹತ್ತಿರಲಿಲ್ಲ ಮೇಡಂ" ಎಂದನಂತೆ. "ಅದನ್ನೇ ಒಂದು ಹಾಳೆ ಮೇಲೆ ಬರೆದುಕೊಡಿ" ಎಂದರಂತೆ ಇವರು, ನೋವಿಗೆ ಹಲ್ಲುಕಚ್ಚಿಕೊಂಡು.

ಅವರ ಕೋಟು ಇನ್ನೊಂದು ಕಥೆ. ಬೂದುಬಣ್ಣದ, ಗಂಡಸರ ಅಳತೆಯ, ಮೊಣಕೈಯ ಬಳಿ ತೇಪೆ ಹಾಕಿದ ಆ ಕೋಟನ್ನು ಅವರು ಬೇಸಗೆಯಲ್ಲೂ ಕಳಚುತ್ತಿರಲಿಲ್ಲ, ಏಕೆಂದರೆ ಅದು ಉಡುಪಿಗಿಂತ ಹೆಚ್ಚಾಗಿ ಉಪಕರಣದ ಪೆಟ್ಟಿಗೆಯಾಗಿತ್ತು: ಒಂದು ಜೇಬಿನಲ್ಲಿ ಅಳತೆ ಟೇಪು, ಇನ್ನೊಂದರಲ್ಲಿ ಟಾರ್ಚು, ಎಣಿಸಿದ ಮೂಟೆಗೆ ಗೀಟು ಹಾಕಲು ಸೀಮೆಸುಣ್ಣ, ಎದೆಯ ಜೇಬಿನಲ್ಲಿ ಹಸಿರು ಶಾಯಿಯ ಪೆನ್ನು, ಒಳಜೇಬಿನಲ್ಲಿ ಬೆರಳುದ್ದದ ಒಂದು ಅಯಸ್ಕಾಂತ. ನಲ್ಲಿ ತಯಾರಕನೊಬ್ಬ ದಾಸ್ತಾನಿನಲ್ಲಿರುವುದೆಲ್ಲ ಅಪ್ಪಟ ಹಿತ್ತಾಳೆ ಎಂದು ಎದೆ ತಟ್ಟಿಕೊಳ್ಳುತ್ತಿದ್ದಾಗ ಇವರು ಮಾತಾಡದೆ ಅಯಸ್ಕಾಂತವನ್ನು ಹೊರತೆಗೆದರು. ಆರು 'ಹಿತ್ತಾಳೆ' ನಲ್ಲಿಗಳು ಒಂದರ ಹಿಂದೊಂದು ಅದಕ್ಕೆ ಅಂಟಿಕೊಂಡು ನೇತಾಡಿದವು. ತಯಾರಕ ಅದನ್ನು ನೋಡಿ ತಾನೇ ನಗಲಾರಂಭಿಸಿದನಂತೆ. ಮಾರನೆಯ ವರ್ಷ ಅವನ ಪುಸ್ತಕದಲ್ಲಿ ಕಬ್ಬಿಣ ಕಬ್ಬಿಣವೆಂದೇ ದಾಖಲಾಗಿತ್ತು.

ಇಂಥವರು ಅಪರೂಪವಾಗಿದ್ದುದಕ್ಕೆ ಕಾರಣ ವೃತ್ತಿಯಲ್ಲೇ ಬೇರೂರಿದ್ದ ಒಂದು ಪದ್ಧತಿ. ವರ್ಷದ ಕೊನೆಯ ಎರಡು ವಾರಗಳನ್ನು ಪರಿಶೋಧಕರು ತಮ್ಮೊಳಗೆ 'ಸಹಿ ಸುಗ್ಗಿ' ಎಂದು ಕರೆದುಕೊಳ್ಳುತ್ತಿದ್ದರು. ಕಂಪನಿ ತನ್ನ ದಾಸ್ತಾನು, ತನ್ನ ಯಂತ್ರ, ತನ್ನ ಕಟ್ಟಡ ಇಂತಿಷ್ಟಿದೆ ಎಂದು ತಾನೇ ಒಂದು ಪ್ರಮಾಣಪತ್ರ ಬರೆದುಕೊಡುವುದು, ಪರಿಶೋಧಕರು ಕಳೆದ ವರ್ಷದ ಪಟ್ಟಿಯನ್ನು ಮುಂದಿಟ್ಟುಕೊಂಡು ಸಾಲುಸಾಲಾಗಿ ಟಿಕ್ಕು ಹಾಕುವುದು, ಹಾರೆಯ ಹಿಡಿಯನ್ನೂ ನೋಡದೆ ಗಣಿಯ ಲೆಕ್ಕಕ್ಕೆ ಸಹಿ ಬೀಳುವುದು. ಇದರಿಂದ ಯಾರಿಗೇನು ನಷ್ಟ ಎಂದು ನಾನು ಒಮ್ಮೆ ಪೆದ್ದುಪೆದ್ದಾಗಿ ಕೇಳಿದ್ದೆ. ಅವರು ಕಿಟಕಿಯಾಚೆ, ಎದುರು ಸಾಲಿನಲ್ಲಿ ಹಂಚು ಮಾಡುವವನ ಅಂಗಳವನ್ನು ತೋರಿಸಿದರು. "ಅವನ ಲೆಕ್ಕದಲ್ಲಿ ಒಂದು ಹಂಚು ಹೆಚ್ಚುಕಮ್ಮಿ ಇರಲ್ಲ. ಆದ್ರೂ ಬ್ಯಾಂಕಿನವರು ಸಾಲ ಕೊಡಲ್ಲ, ಜಮೀನು ಅಡ ಇಡು ಅಂತಾರೆ. ಯಾಕೆ? ಅವನ ಲೆಕ್ಕದ ಕೆಳಗೆ ಇರೋದು ನಮ್ಮ ಸಹಿ. ಅದನ್ನ ಅವರು ನಂಬಲ್ಲ. ನಂಬದೆ ಇರೋದು ಸರಿನೇ. ಜಮೀನು ಇಲ್ಲದವನು ಎಲ್ಲಿಗೆ ಹೋಗ್ಬೇಕು, ಹೇಳಿ."

ಸಮಿತಿ ಬರೆದ ಹೊಸ ನಿಯಮಗಳಲ್ಲಿ ಎಲ್ಲರ ನಿದ್ದೆಗೆಡಿಸಿದ್ದು ಒಂದೇ ಒಂದು: ಪ್ರತಿಯೊಬ್ಬ ಪರಿಶೋಧಕರ ಕಡತಗಳನ್ನು ಇನ್ನೊಬ್ಬ ಪರಿಶೋಧಕರು ಬಂದು ತಪಾಸಣೆ ಮಾಡಬೇಕು. ಕರಡನ್ನು ಮುಂದಿಟ್ಟ ಸಭೆಯಲ್ಲಿ ಸಂಘದ ಸಭಾಂಗಣ ಸಂತೆಯಾಯಿತು. "ನಮ್ಮ ಅಡುಗೆಮನೆಗೆ ಪಕ್ಕದ ಮನೆಯವರು ನುಗ್ಗೋದಾ?" ಎಂದರು ಒಬ್ಬರು. ಎಲ್ಲರಿಗಿಂತ ಹೆಚ್ಚು ಕೆರಳಿದವರು, ಊರಿನ ಅತ್ಯಂತ ಹಿರಿಯ ಪರಿಶೋಧಕರು, ಬಾಯಿ ತೆರೆದರೆ "ನಲವತ್ತು ವರ್ಷದಿಂದ" ಎಂದೇ ಆರಂಭಿಸುತ್ತಿದ್ದುದರಿಂದ ನಾವೆಲ್ಲ ನಲವತ್ತು ವರ್ಷದವರು ಎಂದೇ ಕರೆಯುತ್ತಿದ್ದ ದೊಡ್ಡಮನುಷ್ಯರು. "ನಲವತ್ತು ವರ್ಷದಿಂದ ಸಹಿ ಮಾಡ್ತಾ ಇದೀನಿ. ನನ್ನ ಫೈಲ್ ನೋಡೋ ಯೋಗ್ಯತೆ ಯಾರಿಗಿದೆ?" ಎಂದು ಊರುಗೋಲಿನಿಂದ ನೆಲ ಕುಟ್ಟಿದರು. ಅಧ್ಯಕ್ಷರು ಮೆತ್ತಗಿನ ಮನುಷ್ಯ. ಮೊದಲು ಯಾರಾದರೂ ತಾವಾಗಿ ಮುಂದೆ ಬಂದರೆ ಒಂದು ಪ್ರಯೋಗ ಮಾಡೋಣ, ಯಾರೂ ಬರದಿದ್ದರೆ ನಿಯಮವನ್ನೇ ಕೈಬಿಡೋಣ ಎಂದರು. ಇನ್ನೂರು ಜನರ ಸಭೆಯಲ್ಲಿ ಒಂದು ಕೈಯೂ ಮೇಲೇಳಲಿಲ್ಲ. ಆಗ ತೋರ್ಸಿ ಮೇಡಂ ಎದ್ದು ನಿಂತು, "ನನ್ನದು ನೋಡಿ. ಯಾವ ಫೈಲ್ ಅನ್ನೋದು ನೀವೇ ಚೀಟಿ ಎತ್ತಿ" ಎಂದರು. ಚೀಟಿ ಎತ್ತಿದಾಗ ಬಂದದ್ದು ನೂಲಿಗೆ ಬಣ್ಣ ಹಾಕುವ ಒಂದು ಕಾರ್ಖಾನೆಯ ಕಡತ. ತಪಾಸಣೆ ಮಾಡಲು ನಲವತ್ತು ವರ್ಷದವರೇ ಮುಂದೆ ಬಂದರು, ಕಣ್ಣಲ್ಲಿ ಹೊಳಪು ತುಂಬಿಕೊಂಡು.

ತಪಾಸಣೆಗೆ ಮೂರು ದಿನ ಇರುವಾಗ ನಾನು ಅಚ್ಚಿನ ಕರಡುಗಳನ್ನು ಹಿಡಿದು ಅವರ ಕಚೇರಿಗೆ ಹೋಗಿದ್ದೆ. ಕಚೇರಿಯಲ್ಲಿ ಪಾಲುದಾರನೂ ಆಗಿದ್ದ ಅವರ ತಮ್ಮ ಕಡತದ ಹಾಳೆಗಳನ್ನು ವರ್ಷವಾರು ಜೋಡಿಸುತ್ತಿದ್ದ, ಅಕ್ಕ ಒಂದೊಂದನ್ನೂ ಓದುತ್ತಿದ್ದರು. ಓದುತ್ತಾ ಓದುತ್ತಾ ಅವರ ಬೆರಳು ವಿಮೆಯ ಪಟ್ಟಿಯೊಂದರ ಮೇಲೆ ನಿಂತುಹೋಯಿತು. ಕಾರ್ಖಾನೆಯ ಯಂತ್ರಗಳಲ್ಲೆಲ್ಲ ದೊಡ್ಡದಾದ ಬಾಯ್ಲರ್ ಆಸ್ತಿಯ ಪಟ್ಟಿಯಲ್ಲಿತ್ತು, ವಿಮೆಯ ಪಟ್ಟಿಯಲ್ಲಿ ಇರಲಿಲ್ಲ. ಹಿಂದಿನ ವರ್ಷದ್ದು ತೆಗೆದರು, ಅಲ್ಲೂ ಇರಲಿಲ್ಲ. ಅದರ ಹಿಂದಿನದರಲ್ಲೂ ಇಲ್ಲ. ಆಸ್ತಿಯ ಪಟ್ಟಿಯಲ್ಲಿ ಮಾತ್ರ ಮೂರೂ ವರ್ಷ ಬಾಯ್ಲರಿನ ಮುಂದೆ ಅವರದೇ ಕೈಯ ಹಸಿರು ಟಿಕ್ಕು, ಅದರ ಪಕ್ಕದಲ್ಲಿ ಅವರದೇ ಅಕ್ಷರದಲ್ಲಿ 'ನೋಡಲಾಗಿದೆ'. ಅವರು ಕೋಟು ಸರಿಪಡಿಸಿಕೊಂಡು ಎದ್ದರು. ಗಾಡಿ ತೆಗೆದದ್ದು ತಮ್ಮ, ನಾನೂ ಹತ್ತಿದೆ.

ಬಾಯ್ಲರ್ ಕೋಣೆ ನೆಲಮಾಳಿಗೆಯಲ್ಲಿತ್ತು. ಕಬ್ಬಿಣದ ಹತ್ತೊಂಬತ್ತು ಮೆಟ್ಟಿಲು, ಕಡಿದಾದವು, ಒಂದು ಬದಿಗೆ ಮಾತ್ರ ಹಿಡಿ. ಅವರು ಹಿಡಿಯನ್ನು ಎರಡೂ ಕೈಯಿಂದ ಹಿಡಿದು, ಪ್ರತಿ ಮೆಟ್ಟಿಲಿಗೂ ಒಮ್ಮೆ ನಿಂತು ಇಳಿದರು. ತೋಳು ಚಾಚಿದ ತಮ್ಮನಿಗೆ ಬೇಡವೆಂದರು. ಕೆಳಗೆ ಬಾಯ್ಲರ್ ಇರಲಿಲ್ಲ. ಅದು ಕುಳಿತಿದ್ದ ಜಾಗದಲ್ಲಿ ಉದ್ದನೆಯ ಎರಡು ಬೆಂಚುಗಳು, ಗೋಡೆಯ ಮೊಳೆಗಳಲ್ಲಿ ಕೆಲಸಗಾರರ ಊಟದ ಡಬ್ಬಿಗಳು, ನೆಲದಲ್ಲಿ ದೊಡ್ಡ ಬೋಲ್ಟುಗಳನ್ನು ಕಿತ್ತ ನಾಲ್ಕು ತೂತುಗಳು. ಚಾವಣಿಯ ಪಕ್ಕದಲ್ಲಿ ಒಂದು ದಪ್ಪ ಕೊಳವೆ ಬುಸ್ಸೆನ್ನುತ್ತಾ ಹಾದುಹೋಗಿತ್ತು. "ಅದನ್ನ ಗುಜರಿಗೆ ಹಾಕಿ ಮೂರು ವರ್ಷ ದಾಟ್ತಲ್ಲ ಮೇಡಂ," ಎಂದ ಮೇಸ್ತ್ರಿ, ಮುಚ್ಚುಮರೆಯಿಲ್ಲದೆ. "ಈಗ ಪಕ್ಕದ ಮಿಲ್ಲಿಂದ ಪೈಪಲ್ಲಿ ಹಬೆ ತಗೋತೀವಿ. ನಿಮಗೆ ಗೊತ್ತಿದೆ ಅಂತ ಅಂದ್ಕೊಂಡಿದ್ವಿ. ವರ್ಷವರ್ಷ ಮೇಲೆ ಬಂದು ನಿಂತು ಹೋಗ್ತಿದ್ರಲ್ಲ."

ನಡೆದದ್ದು ಇಷ್ಟೇ. ಮೊದಲ ವರ್ಷ ಅವರು ಇಳಿದು ನೋಡಿದ್ದರು. ಮರುವರ್ಷದಿಂದ ಮಂಡಿ ಮಾತು ಕೇಳುತ್ತಿರಲಿಲ್ಲ. ಮೇಲಿನ ಮೆಟ್ಟಿಲಲ್ಲಿ ನಿಂತರು, ಕೆಳಗಿನಿಂದ ಹಬೆಯ ಸದ್ದು ಬಂತು, ಹಬೆ ಇದ್ದಮೇಲೆ ಬಾಯ್ಲರ್ ಇರಲೇಬೇಕಲ್ಲ ಎಂದು ಹಳೆಯ ಪಟ್ಟಿಯ ಮೇಲೆ ಟಿಕ್ಕು ಹಾಕಿದರು. ಊರಿನವರೆಲ್ಲ ತಲೆಮಾರುಗಳಿಂದ ಮಾಡಿಕೊಂಡು ಬಂದ ತಪ್ಪನ್ನು, ಅದನ್ನು ತೊಲಗಿಸಲು ಹೊರಟವರೇ ಮಾಡಿದ್ದರು. ಅವರು ಕೆಲಸಗಾರರ ಬೆಂಚಿನ ಮೇಲೆ ಬಹಳ ಹೊತ್ತು ಕುಳಿತಿದ್ದರು. ಅವರ ಮುಖ ನೋಡಲು ನನಗೆ ಆಗಲಿಲ್ಲ.

ಕಚೇರಿಗೆ ಮರಳಿದ ಮೇಲೆ ತಮ್ಮ ಬಾಗಿಲು ಹಾಕಿದ. "ಅಕ್ಕ, ಒಂದೇ ಒಂದು ಚೀಟಿ ಸಾಕು. ಬಾಯ್ಲರ್ ತೆಗೆದಿರೋದು ನಮ್ಮ ಗಮನಕ್ಕೆ ಬಂದಿದೆ, ಕಂಪನಿಗೆ ತಿಳಿಸಿದೀವಿ ಅಂತ ಹೋದ ವರ್ಷದ ತಾರೀಖು ಹಾಕಿ ಸೇರಿಸಿಬಿಡೋಣ. ಗುಜರಿ ದುಡ್ಡು ಪುಸ್ತಕದಲ್ಲಿ ಇತರೆ ಆದಾಯ ಅಂತ ಬಂದಿದೆ, ಯಾರೂ ಕದ್ದಿಲ್ಲ, ಯಾರಿಗೂ ಮೋಸ ಆಗಿಲ್ಲ." ಅವನು ದನಿ ತಗ್ಗಿಸಿದ. "ನಿನ್ನ ಸನ್ನದು ಹೋಗುತ್ತೆ. ಅದು ಹೋಗ್ಲಿ. ತೋರ್ಸಿ ಮೇಡಂ ಅವರೇ ನೋಡಿಲ್ಲ ಅಂತ ಆ ಮುದುಕರು ಸಭೇಲಿ ಓದಿದ್ರೆ, ಆ ನಿಯಮ ಅಲ್ಲಿಗೇ ಸತ್ತುಹೋಗುತ್ತೆ. ನಾಲ್ಕು ವರ್ಷದ ಕೆಲಸ." ಅವನ ಮಾತಿನಲ್ಲಿ ಸ್ವಾರ್ಥವಿರಲಿಲ್ಲ, ಅದೇ ಅದರ ಅಪಾಯ. ನಾಚಿಕೆಯಿಂದಲೇ ಹೇಳುತ್ತೇನೆ, ನಾನೂ ಅವನ ಪರವಾಗಿ ಮಾತಾಡಿದೆ. ಇಷ್ಟು ದೊಡ್ಡ ಕಾರ್ಯ ಒಂದು ಸಣ್ಣ ಚೀಟಿಯಿಂದ ಉಳಿಯುವುದಾದರೆ ಉಳಿಯಲಿ ಬಿಡಿ ಎಂದೆ. ಬೇಕಾದರೆ ಆ ಚೀಟಿಯ ಭಾಷೆ ನಾನೇ ತಿದ್ದಿಕೊಡುತ್ತೇನೆ ಎಂದೂ ಅಂದುಬಿಟ್ಟೆ.

ಅವರು ಬೈಯಲಿಲ್ಲ. "ಇಬ್ಬರೂ ಹೋಗಿ ಟೀ ಕುಡಿದು ಬನ್ನಿ" ಎಂದರು. ನಾವು ಬೀದಿಯ ತಿರುವಿನ ಅಂಗಡಿಯಲ್ಲಿ ನಿಂತು, ಒಬ್ಬರ ಮುಖ ಒಬ್ಬರು ನೋಡದೆ ಟೀ ಕುಡಿದು ಬಂದೆವು. ಬರುವಷ್ಟರಲ್ಲಿ ಕಡತ ಮೇಜಿನ ನಡುವೆ ಇತ್ತು, ಅದರ ಒಂದು ಪುಟದಿಂದ ಕೆಂಪು ಕಾಗದದ ಪಟ್ಟಿ ನಾಲಗೆಯಂತೆ ಹೊರಗೆ ಚಾಚಿಕೊಂಡಿತ್ತು, ತಪಾಸಣೆಗೆ ಬಂದವರು ಕಣ್ಣುಮುಚ್ಚಿ ತೆರೆದರೂ ಅದೇ ಪುಟ ತೆರೆಯಬೇಕು ಎಂಬಂತೆ. ಪುಟದಲ್ಲಿ ಹೀಗೆ ಬರೆದಿದ್ದರು: 'ಈ ಬಾಯ್ಲರನ್ನು ಮೂರು ವರ್ಷ ನಾನು ನೋಡಿಲ್ಲ. ಮೆಟ್ಟಿಲ ಮೇಲೆ ನಿಂತು, ಹಬೆಯ ಸದ್ದು ಕೇಳಿ, ನೋಡಲಾಗಿದೆ ಎಂದು ಬರೆದಿದ್ದೇನೆ. ಈ ದಿನ ಕೆಳಗಿಳಿದು ನೋಡಿದೆ. ಬಾಯ್ಲರ್ ಇಲ್ಲ.' ಕೆಳಗೆ ಸಹಿ, ಸಹಿಯ ಕೆಳಗೆ ಅಂದಿನದೇ ತಾರೀಖು. ತಿದ್ದಲು ನನಗೆ ಒಂದು ಅಕ್ಷರವೂ ಸಿಗಲಿಲ್ಲ.

ನಲವತ್ತು ವರ್ಷದವರು ಹೇಳಿದ ಹೊತ್ತಿಗೆ ಸರಿಯಾಗಿ ಬಂದರು; ಯುದ್ಧಕ್ಕೆ ಹೊರಟವರಂತೆ ಎರಡು ಪೆನ್ನು, ಒಂದು ಭೂತಗನ್ನಡಿ. ಕಡತವನ್ನು ಎಳೆದುಕೊಂಡರು, ಕೆಂಪು ಪಟ್ಟಿಯ ಪುಟವನ್ನೇ ತೆರೆದರು, ಓದಿದರು. ಮತ್ತೊಮ್ಮೆ ಓದಿದರು. ಅವರ ತುಟಿಯ ಅಂಚಿನಲ್ಲಿ ಗೆಲುವಿನ ನಗು ಮೂಡುವುದನ್ನೇ ನಾನು ಕಾಯುತ್ತಿದ್ದೆ. ಅವರು ತಲೆ ಎತ್ತದೆಯೇ, "ಎಷ್ಟು ಮೆಟ್ಟಿಲು?" ಎಂದು ಕೇಳಿದರು.

"ಹತ್ತೊಂಬತ್ತು ಸಾರ್" ಎಂದರು ಮೇಡಂ.

"ಹೂಂ. ನನ್ನ ಸಕ್ಕರೆ ಕಾರ್ಖಾನೆಯಲ್ಲಿ ಇಪ್ಪತ್ತಾರು." ಭೂತಗನ್ನಡಿಯನ್ನು ಮಡಚಿ ಪೆಟ್ಟಿಗೆಗೆ ಹಾಕಿದರು. ಆಮೇಲೆ, ಮಗಳ ಮುಂದೆ ಕುಳಿತ ತಂದೆಯಂತೆ ಮೆತ್ತಗಾದ ದನಿಯಲ್ಲಿ, "ಎಂಟು ವರ್ಷ ಆಯ್ತಮ್ಮ ನಾನು ಇಳಿದು. ಕೆಳಗೆ ಏನಿದೆಯೋ ದೇವರೇ ಬಲ್ಲ. ಈ ಟಿಪ್ಪಣಿ ಹೇಗೆ ಬರೆದ್ರಿ, ನನಗೂ ಒಂದು ಪ್ರತಿ ಕೊಡ್ತೀರಾ?" ಎಂದರು. ಮೇಡಂ ಅವರ ತಮ್ಮ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ. ಮೇಡಂ ಮಾತ್ರ ಎದ್ದು, ಹಾಳೆಯ ಪ್ರತಿ ತೆಗೆಯಲು ಯಂತ್ರದ ಕಡೆ ಕುಂಟುತ್ತಾ ನಡೆದರು.

ವರದಿಯನ್ನು ನಲವತ್ತು ವರ್ಷದವರು ಮೃದುಗೊಳಿಸಲಿಲ್ಲ. ಇದ್ದದ್ದನ್ನು ಇದ್ದಂತೆ ಸಭೆಯಲ್ಲಿ ಓದಿದರು. ಹಿಂದಿನ ಸಾಲುಗಳಲ್ಲಿ ಕೆಲವರು ನಕ್ಕರು. ತೋರ್ಸಿ ಮೇಡಂಗೆ ಲಿಖಿತ ಛೀಮಾರಿ, ಆರು ತಿಂಗಳು ಸಹಿ ಮಾಡುವಂತಿಲ್ಲ ಎಂಬ ಆಜ್ಞೆ. ಅವರು ಎದ್ದು ನಿಂತು ಅದನ್ನು ಸ್ವೀಕರಿಸಿದರು. ಮೂವರು ಹಳೆಯ ಕಕ್ಷಿದಾರರು ಅದೇ ವಾರ ಬೇರೆಯವರ ಬಳಿಗೆ ಹೋದರು, ಅದರ ಪೆಟ್ಟು ಮನೆಯ ಖರ್ಚಿಗೂ ತಗುಲಿತು. ಆದರೆ ಆ ದಿನ ಅಧ್ಯಕ್ಷರು, "ಮುಂದಿನ ಕಡತ ಯಾರದು?" ಎಂದು ಕೇಳಿದಾಗ ಮೊದಲು ಮೇಲೆದ್ದದ್ದು ನಲವತ್ತು ವರ್ಷದವರ ಊರುಗೋಲು. "ನನ್ನದು. ನಿನ್ನೆ ಇಳಿದು ನೋಡಿ ಬಂದೆ. ಹೇಳೋದು ಬಹಳ ಇದೆ" ಎಂದರು. ಆಮೇಲೆ ಅಲ್ಲೊಂದು, ಇಲ್ಲೊಂದು ಕೈ ಎದ್ದವು. ನಾನು ಎಣಿಸಿದೆ, ಹನ್ನೊಂದು. ಇನ್ನೂರರಲ್ಲಿ ಹನ್ನೊಂದು ಬಹಳವೇನಲ್ಲ, ಆದರೂ ನಿಯಮ ಉಳಿಯಲು ಅಷ್ಟು ಸಾಕಾಯಿತು. ಈಗ ಅದು ಜಾರಿಗೆ ಬಂದು ಐದು ವರ್ಷ. ಸಹಿ ಸುಗ್ಗಿ ಪೂರ್ತಿ ನಿಂತಿದೆ ಎಂದು ಹೇಳಿದರೆ ಸುಳ್ಳಾದೀತು. ಆದರೆ ವರ್ಷದ ಕೊನೆಯಲ್ಲಿ ಪರಿಶೋಧಕರ ಕೈಯಲ್ಲಿ ಟಾರ್ಚು ಕಾಣುವುದು ಈಗ ಸೋಜಿಗವಲ್ಲ. ಹೋದ ವರ್ಷ ಒಂದು ಬ್ಯಾಂಕು ಎದುರು ಸಾಲಿನ ಹಂಚಿನವನಿಗೆ, ಜಮೀನು ಕೇಳದೆ, ಲೆಕ್ಕವನ್ನಷ್ಟೇ ಓದಿ ಸಾಲ ಮಂಜೂರು ಮಾಡಿತು.

ಒಂದು ನಾಡಿನ ವ್ಯವಹಾರ ಶುದ್ಧಿಯಾಗುವುದು ಕಳ್ಳರನ್ನು ಹಿಡಿಯುವ ಶೂರರಿಂದ ಎಂದು ನಾನು ಬಹುಕಾಲ ನಂಬಿದ್ದೆ. ಶೂರರು ಬೇಕು, ನಿಜ. ಆದರೆ ಅವರು ಬಾಗಿಲು ತಟ್ಟಿದಾಗ ನಾವೆಲ್ಲ ಕದ ಭದ್ರಪಡಿಸಿಕೊಳ್ಳುತ್ತೇವೆ, ಹೆದರಿದ ಮನುಷ್ಯ ಇನ್ನೂ ಜಾಣತನದಿಂದ ಅಡಗಿಸುವುದನ್ನು ಕಲಿಯುತ್ತಾನೆ. ತೋರ್ಸಿ ಮೇಡಂ ಥರದವರ ಕುಲ ಬೇರೆ. ಅವರಿಂದಲೂ ತಪ್ಪಾಗುತ್ತದೆ, ನಮ್ಮ ನಿಮ್ಮಂತೆಯೇ ಮಂಡಿ ನೋಯುತ್ತದೆ, ಮೇಲಿನ ಮೆಟ್ಟಿಲಲ್ಲೇ ನಿಂತುಬಿಡೋಣ ಅನ್ನಿಸುತ್ತದೆ. ಆದರೆ ತಮ್ಮ ತಪ್ಪು ತಮಗೆ ತಿಳಿದ ಗಳಿಗೆಯಲ್ಲಿ, ಅದರ ಮೇಲೆ ನಿನ್ನೆಯ ತಾರೀಖು ಹಾಕುವ ಅವಕಾಶ ಅಂಗೈಯಲ್ಲೇ ಇರುವಾಗ, ಅವರು ಇವತ್ತಿನ ತಾರೀಖನ್ನೇ ಹಾಕುತ್ತಾರೆ. ಅದನ್ನು ಕಂಡ ಪಕ್ಕದ ಮನುಷ್ಯನಿಗೆ, ತನ್ನ ತಪ್ಪನ್ನೂ ಹೇಳಿಕೊಂಡು ಬದುಕಿರಬಹುದು ಎಂದು ಮೊದಲ ಸಲ ತೋಚುತ್ತದೆ.